ಮೊದಲು ಮೀಟರ್, ಆಮೇಲೆ ಒಡಂಬಡಿಕೆ: ಕರಾವಳಿಯ ಕಾರ್ಖಾನೆಗೆ ಯಾವ ಸಂಶೋಧನಾ ಪಾಲುದಾರಿಕೆ?

ಮಲ್ಪೆಯ ಐಸ್ ಪ್ಲಾಂಟ್, ಕಾರ್ಕಳ–ಕುಂದಾಪುರ ಕಡೆಯ ಗೇರುಬೀಜ ಕಾರ್ಖಾನೆ, ಬೈಕಂಪಾಡಿಯ ಎರಕದ ಘಟಕ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಯಂತ್ರಭಾಗಗಳ ಶೆಡ್ಡು. ಇವುಗಳ ಮಾಲೀಕರು ಸೇರಿದ ಕಡೆ ಎರಡು ಮಾತು ಬಂದೇ ಬರುತ್ತವೆ. ಒಂದು ಮೆಸ್ಕಾಂ ಬಿಲ್ಲು. ಇನ್ನೊಂದು, ‘ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಜೊತೆ ಒಡಂಬಡಿಕೆ ಮಾಡಿಕೊಂಡರೆ ಇಂಧನ ಖರ್ಚು ಇಳಿಯುತ್ತದೆಯಂತೆ’ ಎಂಬ ಆಸೆ. ಸಹಿ ಹಾಕುವ ಫೋಟೊ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ವರ್ಷ ಕಳೆದ ಮೇಲೆ ನೋಡಿದರೆ ಮೀಟರ್ ಮೊದಲಿನ ವೇಗದಲ್ಲೇ ಓಡುತ್ತಿರುತ್ತದೆ.

ಬಹಳ ಕಡೆ ಆಗುವುದು ಇಷ್ಟೇ: ಮಾಲೀಕರ ಪ್ರಶ್ನೆ ಒಂದು ಬಗೆಯದು, ಅವರು ಹಿಡಿದ ಪಾಲುದಾರ ಇನ್ನೊಂದು ಬಗೆಯವರು. ಆದ್ದರಿಂದ ಕಾಲೇಜು, ಸರ್ಕಾರಿ ಯೋಜನೆ, ಖಾಸಗಿ ಇಂಧನ ಸೇವಾ ಕಂಪನಿ, ಉದ್ಯಮ ಸಂಘ ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವ ಮುಂಚೆ ನಮ್ಮ ಪ್ರಶ್ನೆಗೆ ಈಗಾಗಲೇ ಉತ್ತರ ಇದೆಯೇ, ಇಲ್ಲವೇ ಎಂದು ನೋಡಬೇಕು. ಉತ್ತರ ಗೊತ್ತಿರುವ ಪ್ರಶ್ನೆಗೆ ಸಂಶೋಧನೆ ಮಾಡಿಸುವುದು ದುಡ್ಡು ದಂಡ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಂತ್ರ ಮಾರುವವರ ಕೈಗೆ ಕೊಡುವುದು ಇನ್ನೂ ದೊಡ್ಡ ದಂಡ.

ಪ್ರಾಧ್ಯಾಪಕರು ಬೇಡದ ಕೆಲಸ

ಬಾಯ್ಲರಿನ ಚಿಮಣಿಯಿಂದ ಹೋಗುವ ಹೊಗೆಯ ಉಷ್ಣಾಂಶವನ್ನು 22 ಡಿಗ್ರಿಯಷ್ಟು ಇಳಿಸಿದರೆ ಸುಮಾರು ಶೇ 1ರಷ್ಟು ಇಂಧನ ಉಳಿಯುತ್ತದೆ. ಬಾಯ್ಲರಿಗೆ ಹೋಗುವ ನೀರು 6 ಡಿಗ್ರಿ ಹೆಚ್ಚು ಬಿಸಿಯಾಗಿ ಹೋದರೆ ಮತ್ತೆ ಶೇ 1. ಏರ್ ಕಂಪ್ರೆಸರಿನ ಒತ್ತಡವನ್ನು ಒಂದು ಬಾರ್ ಇಳಿಸಿದರೆ ಅದು ಎಳೆಯುವ ವಿದ್ಯುತ್ತು ಶೇ 6–7ರಷ್ಟು ಕಡಿಮೆಯಾಗುತ್ತದೆ. ಫ್ಯಾನಿನ ವೇಗವನ್ನು ಶೇ 80ಕ್ಕೆ ಇಳಿಸಿದರೆ ಅದಕ್ಕೆ ಬೇಕಾದ ಶಕ್ತಿ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಏಕೆಂದರೆ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ. ಇವೆಲ್ಲ ದಶಕಗಳಿಂದ ಪಠ್ಯಪುಸ್ತಕದಲ್ಲಿರುವ ಲೆಕ್ಕ. ಇಂಧನ ದಕ್ಷತಾ ಬ್ಯೂರೊ, ಅಂದರೆ ಬಿಇಇ, ತನ್ನ ಪರೀಕ್ಷೆಗೆ ಕೂರುವ ಆಡಿಟರುಗಳಿಗೆ ಓದಿಸುವುದೇ ಇದನ್ನು.

ಸಂಜೆ ಯಂತ್ರಗಳೆಲ್ಲ ನಿಂತ ಮೇಲೆ ಶೆಡ್ಡಿನಲ್ಲಿ ಸುಮ್ಮನೆ ನಿಂತು ಕೇಳಿ. ಎಲ್ಲಾದರೂ ‘ಸುಯ್’ ಎನ್ನುತ್ತಿದ್ದರೆ ಅದು ಗಾಳಿ ಸೋರುವ ಸದ್ದು, ಬಿಲ್ಲಿನ ಸದ್ದು. ಅದಕ್ಕೆ ಸ್ಪ್ಯಾನರ್ ಸಾಕು, ಪಿಎಚ್.ಡಿ. ಬೇಡ. ಸಣ್ಣ ಘಟಕಗಳಲ್ಲಿ ಮೊದಲ ಸುತ್ತಿನ ಉಳಿತಾಯದ ಬಹುಪಾಲು ಇಂಥದ್ದೇ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಬಿಇಇ ಮಾನ್ಯತೆ ಇರುವ ಒಬ್ಬ ಎನರ್ಜಿ ಆಡಿಟರನ್ನು ಕರೆಸಿ, ಶುಲ್ಕ ಕೊಟ್ಟು, ಹೇಳಿದ್ದನ್ನು ಮಾಡಿ ಮುಗಿಸಿ. ಪಾಲುದಾರಿಕೆಯ ಮಾತು ಅದಾದ ಮೇಲೆ.

ಇಲ್ಲಿಯದೇ ಆದ ಪ್ರಶ್ನೆಗಳು

ಕರಾವಳಿಗೆ ಬಂದಾಗ ಪಠ್ಯಪುಸ್ತಕ ಸ್ವಲ್ಪ ತೊದಲುತ್ತದೆ. ಸಂಶೋಧನೆಗೆ ನಿಜವಾದ ಜಾಗ ಅಲ್ಲೇ.

ಕೂಲಿಂಗ್ ಟವರ್, ತಂಪು ಮಾಡುವ ಯಂತ್ರದ ಶಾಖವನ್ನು ಹೊರಹಾಕುವ, ಆವಿಯಾಗುವ ನೀರಿನಿಂದ ತಣಿಯುವ ಕಂಡೆನ್ಸರ್ ಇವೆಲ್ಲ ಎಷ್ಟು ತಣಿಸಬಲ್ಲವು ಎಂಬುದನ್ನು ನಿರ್ಧರಿಸುವುದು ವೆಟ್ ಬಲ್ಬ್ ಉಷ್ಣಾಂಶ. ಗಾಳಿ ಎಷ್ಟು ಬಿಸಿ ಎಂಬುದರ ಜೊತೆಗೆ ಎಷ್ಟು ತೇವ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ 40 ಡಿಗ್ರಿ, ಮಂಗಳೂರಿನಲ್ಲಿ 33 ಇದ್ದರೂ ವೆಟ್ ಬಲ್ಬ್ ಸಾಮಾನ್ಯವಾಗಿ ಮಂಗಳೂರಿನಲ್ಲೇ ಹೆಚ್ಚು. ಬಯಲುಸೀಮೆಯ ಒಣ ಹವೆಯಲ್ಲಿ ಅಳೆದ ಉಳಿತಾಯವನ್ನು ಕ್ಯಾಟಲಾಗಿನಲ್ಲಿ ಅಚ್ಚು ಹಾಕಿ ಇಲ್ಲಿಗೆ ತಂದರೆ ಅದು ಇಲ್ಲಿ ಸಿಗುವುದಿಲ್ಲ. ಮೇಲೆ ಉಪ್ಪುಗಾಳಿ ಬೇರೆ: ಗಾಳಿಯಿಂದ ತಣಿಯುವ ಯಂತ್ರಗಳ ಅಲ್ಯೂಮಿನಿಯಂ ರೆಕ್ಕೆಗಳನ್ನು ಅದು ತಿಂದುಹಾಕಿದಂತೆ ಶಾಖ ದಾಟುವುದು ಕಡಿಮೆಯಾಗುತ್ತದೆ.

ಗೇರುಬೀಜದ ಕಾರ್ಖಾನೆಗೆ ಅದರದೇ ತಲೆನೋವು. ಬೀಜದ ಸಿಪ್ಪೆಯೇ ಬಾಯ್ಲರಿನ ಇಂಧನ. ಪುಕ್ಕಟೆ ಎನ್ನುವಷ್ಟು ಅಗ್ಗ. ಆದರೆ ಸಿಪ್ಪೆಯೊಳಗಿನ ಎಣ್ಣೆ ಸರಿಯಾಗಿ ಉರಿಯದಿದ್ದರೆ ಹೊಗೆ ಡಾಮರಿನಂತೆ ಅಂಟುತ್ತದೆ. ‘ಹೊಗೆಯ ಶಾಖದಿಂದ ನೀರು ಬಿಸಿ ಮಾಡಿ, 22 ಡಿಗ್ರಿಗೆ ಶೇ 1 ಉಳಿಸಿ’ ಎಂಬ ಸೂತ್ರ ನಂಬಿ ಕೊಳವೆಗಳ ಸಾಲು ಕೂರಿಸಿದರೆ ಅದು ಮೇಣ ಕಟ್ಟಿಕೊಂಡು ಕೂರುತ್ತದೆ. ಹಾಗಾದರೆ ಎಣ್ಣೆ ತೆಗೆದ ಹಿಂಡಿಯನ್ನು ಉರಿಸಬೇಕೇ, ಒಲೆಯ ವಿನ್ಯಾಸವನ್ನೇ ಬದಲಿಸಬೇಕೇ, ಬೋರ್ಮ ಎಂಬ ಒಣಗೂಡಿನಲ್ಲಿ ತಿರುಳು ಒಣಗಿಸುವ ಬಿಸಿಗಾಳಿಯನ್ನು ಮತ್ತೆ ಒಳಗೆ ಬಿಡಬಹುದೇ? ಇದಕ್ಕೆ ಸಿದ್ಧ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ.

ಮಳೆಗಾಲದ ಸೌದೆಯದೂ ಇದೇ ಕಥೆ. ಒಣ ಸೌದೆ ಕಿಲೊಗೆ ಸುಮಾರು 4,500 ಕಿಲೊಕ್ಯಾಲರಿ ಕೊಟ್ಟರೆ, ತೂಕದ ಶೇ 40ರಷ್ಟು ನೀರೇ ಇರುವ ಸೌದೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಡುತ್ತದೆ, ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಯ್ಲರಿನ ‘ದಕ್ಷತೆ ಬಿದ್ದಿದೆ’ ಎಂದು ಬರೆದ ವರದಿಗಳಲ್ಲಿ ಕೆಲವು ವಾಸ್ತವವಾಗಿ ಸೌದೆಯ ಕೊಟ್ಟಿಗೆಗೆ ಮಾಡು ಇಲ್ಲ ಎಂದು ಬರೆಯಬೇಕಾಗಿದ್ದವು.

ಐಸ್ ಪ್ಲಾಂಟಿನಲ್ಲಿ ಗೊತ್ತಿರುವ ಉತ್ತರ, ಗೊತ್ತಿಲ್ಲದ ಉತ್ತರ ಎರಡೂ ಒಂದೇ ತೊಟ್ಟಿಯಲ್ಲಿ ಸಿಗುತ್ತವೆ. 30 ಡಿಗ್ರಿಯ ಒಂದು ಟನ್ ನೀರನ್ನು ಮಂಜುಗಡ್ಡೆ ಮಾಡಲು ಅದರಿಂದ ತೆಗೆಯಬೇಕಾದ ಶಾಖ ಸುಮಾರು 470 ಮೆಗಾಜೂಲ್. ವಿದ್ಯುತ್ತಿನ ಲೆಕ್ಕದಲ್ಲಿ 130 ಯೂನಿಟ್. ಅಮೋನಿಯಾ ಕಂಪ್ರೆಸರ್ ಒಂದು ಯೂನಿಟ್ ಉಂಡು ಮೂರು ಯೂನಿಟ್ ಶಾಖ ಹೊತ್ತು ಹಾಕುತ್ತದೆ ಎಂದು ಹಿಡಿದರೆ ಟನ್ನಿಗೆ 44 ಯೂನಿಟ್ ಸಾಕು. ಪಂಪು, ಉಪ್ಪುನೀರು ಕಲಕುವ ಅಜಿಟೇಟರು, ಸೋರುವ ತಂಪು ಎಲ್ಲ ಸೇರಿ 50ರ ಆಸುಪಾಸು ಎನ್ನೋಣ. ನಿಮ್ಮ ಮೀಟರ್ 70 ತೋರಿಸುತ್ತಿದ್ದರೆ ಟನ್ನಿಗೆ 20 ಯೂನಿಟ್ ಎಲ್ಲಿಗೋ ಹೋಗುತ್ತಿದೆ. ದಿನಕ್ಕೆ 20 ಟನ್, ವರ್ಷಕ್ಕೆ 250 ದಿನ ಎಂದರೆ ಒಂದು ಲಕ್ಷ ಯೂನಿಟ್. ಯೂನಿಟ್ಟಿಗೆ ₹8 ಎಂದೇ ಇಟ್ಟುಕೊಂಡರೂ ₹8 ಲಕ್ಷ. ಆ 20ರಲ್ಲಿ ಒಂದಷ್ಟು ಕಣ್ಣಿಗೇ ಕಾಣುತ್ತದೆ: ಉಪ್ಪುನೀರಿನ ತೊಟ್ಟಿಯ ಮೇಲಿನ ಮರದ ಮುಚ್ಚಳಗಳಲ್ಲಿ ನಾಲ್ಕು ಕಾಣೆಯಾಗಿರುತ್ತವೆ, ಇನ್ನೆರಡು ಬಾಗಿ ಸಂದು ಬಿಟ್ಟಿರುತ್ತವೆ, ಕಂಡೆನ್ಸರಿನ ಕೊಳವೆಗಳ ಮೇಲೆ ಬಿಳಿಯ ಪೊರೆ ಬೆರಳಿನ ಉಗುರಿಗೆ ಎದ್ದು ಬರುತ್ತದೆ, ಏಕೆಂದರೆ ಬೇಸಗೆಯಲ್ಲಿ ಬೋರ್‌ವೆಲ್ಲಿಗೆ ಉಪ್ಪು ಬಂದಿರುತ್ತದೆ. ಇವು ಸ್ಪ್ಯಾನರಿನ ಕೆಲಸ. ಆದರೆ ಇಷ್ಟು ತೇವದ ಗಾಳಿಯಲ್ಲಿ, ಇಷ್ಟು ಉಪ್ಪಿನ ನೀರಿನಲ್ಲಿ ಕಂಡೆನ್ಸರ್ ಯಾವ ಲೋಹದ್ದು, ಯಾವ ವಿನ್ಯಾಸದ್ದು ಇರಬೇಕು ಎಂಬುದು ಪ್ರಾಧ್ಯಾಪಕರಿಗೆ ಕೊಡಬಹುದಾದ ಪ್ರಶ್ನೆ.

ಒಂದೇ ಕಾಲೇಜಿಗೆ ಮೂರು ಬಾಗಿಲು

ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಕಾಲೇಜುಗಳಿಗೆ ಬಡತನವಿಲ್ಲ. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ (ಕೆಆರ್‌ಇಸಿ) ಶುರುವಾದ ಸುರತ್ಕಲ್‌ನ ಎನ್‌ಐಟಿಕೆ ಕೇಂದ್ರ ಸರ್ಕಾರದ ಸಂಸ್ಥೆ. ಮಣಿಪಾಲದ ಎಂಐಟಿ 1957ರದು, ಖಾಸಗಿ. ನಿಟ್ಟೆ, ವಾಮಂಜೂರು, ಅಡ್ಯಾರ್‌ಗಳಲ್ಲಿ ಇನ್ನಷ್ಟು ಕಾಲೇಜುಗಳಿವೆ. ಮೀನಿನ ವಿಷಯಕ್ಕೆ ಮಂಗಳೂರಿನ ಮೀನುಗಾರಿಕಾ ಕಾಲೇಜು, ಗೇರಿನ ವಿಷಯಕ್ಕೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಇವೆ. ಯಾವ ಸಂಸ್ಥೆ ಎಂಬುದಕ್ಕಿಂತ ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಎಂಬುದು ಮುಖ್ಯ.

ವಿದ್ಯಾರ್ಥಿ ಪ್ರಾಜೆಕ್ಟು ಮೊದಲ ಬಾಗಿಲು. ಖರ್ಚು ಅತ್ಯಲ್ಪ, ಉಪಕರಣದ ಬಾಡಿಗೆ, ಹುಡುಗರ ಓಡಾಟ, ಊಟ. ಎಂ.ಟೆಕ್. ಎರಡನೆಯ ವರ್ಷದ ವಿದ್ಯಾರ್ಥಿ ಸಿಕ್ಕಿದರೆ ಸುಮಾರು ಒಂದು ವರ್ಷದ ಗಮನ ಸಿಗುತ್ತದೆ. ಅಳತೆಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅಮೆರಿಕದ ಸರ್ಕಾರ 1976ರಿಂದ ವಿಶ್ವವಿದ್ಯಾಲಯಗಳಲ್ಲಿ ಇಂಥದ್ದನ್ನೇ ವ್ಯವಸ್ಥಿತವಾಗಿ ನಡೆಸಿಕೊಂಡು ಬಂದಿದೆ: ಪ್ರಾಧ್ಯಾಪಕರ ಜೊತೆ ವಿದ್ಯಾರ್ಥಿಗಳ ತಂಡ ಸಣ್ಣ, ಮಧ್ಯಮ ಕಾರ್ಖಾನೆಗಳಿಗೆ ಹೋಗಿ ಪುಕ್ಕಟೆಯಾಗಿ ತಪಾಸಣೆ ಮಾಡಿ ವರದಿ ಕೊಡುತ್ತದೆ. ಇಲ್ಲಿ ಆ ಏರ್ಪಾಡನ್ನು ವಿಭಾಗದ ಮುಖ್ಯಸ್ಥರ ಜೊತೆ ಮಾತಾಡಿ ನಾವೇ ಹೊಂದಿಸಿಕೊಳ್ಳಬೇಕು. ಮಿತಿಯೂ ಸ್ಪಷ್ಟ. ವಿದ್ಯಾರ್ಥಿಗೆ ಅಂಕ ಬಂದ ದಿನ ಕೆಲಸ ಮುಗಿಯಿತು. ಅವನು ಬರೆದಿಟ್ಟು ಹೋದ ಲೆಕ್ಕವನ್ನು ಮುಂದುವರಿಸುವವರು ಕಾರ್ಖಾನೆಯಲ್ಲಿ ಇರದಿದ್ದರೆ ಪ್ರಬಂಧ ಕಪಾಟು ಸೇರುತ್ತದೆ. ವಿದ್ಯಾರ್ಥಿಯ ಜೊತೆಗೆ ನಿಮ್ಮದೇ ಒಬ್ಬ ಎಲೆಕ್ಟ್ರಿಷಿಯನ್ನನ್ನೋ ಬಾಯ್ಲರ್ ಆಪರೇಟರನ್ನೋ ಜೋಡಿ ಮಾಡಿ ಬಿಡುವುದು ಇದಕ್ಕೆ ಮದ್ದು. ಹುಡುಗ ಹೋದರೂ ಆಪರೇಟರ್ ಉಳಿಯುತ್ತಾರೆ.

ಸಲಹಾ ಸೇವೆ ಎರಡನೆಯದು. ಪ್ರಾಧ್ಯಾಪಕರಿಗೆ ಶುಲ್ಕ, ಅದರಲ್ಲಿ ಸಂಸ್ಥೆಗೆ ಪಾಲು, ಮೇಲೆ ಜಿಎಸ್‌ಟಿ. ಕೆಲಸದ ವ್ಯಾಪ್ತಿ ಬರಹದಲ್ಲಿರುತ್ತದೆ, ವಾಯಿದೆ ಇರುತ್ತದೆ. ‘ಈ ಕಂಡೆನ್ಸರ್ ಬದಲಿಸಲೇ, ಬೇಡವೇ’ ಎಂಬಂಥ ಹೌದು–ಅಲ್ಲ ಪ್ರಶ್ನೆಗೆ ಇದು ಸರಿ. ₹30–40 ಲಕ್ಷದ ಯಂತ್ರ ಕೊಳ್ಳುವ ಮುಂಚೆ ಮಾರಾಟಗಾರನಲ್ಲದವರೊಬ್ಬರ ಮಾತು ಕೇಳುವುದಕ್ಕೆ ಆ ಶುಲ್ಕ ಹೆಚ್ಚೇನಲ್ಲ. ಮಾಸಿಕ ಬಿಲ್ಲೇ ₹40 ಸಾವಿರ ಇರುವ ಘಟಕಕ್ಕೆ ಮಾತ್ರ ಇದು ಮೂಗಿಗಿಂತ ಮೂಗುತಿ ಭಾರ.

ಮೂರನೆಯದು ಪ್ರಾಯೋಜಿತ ಸಂಶೋಧನೆ: ಕಂಪನಿಯ ಹಣ, ಹಲವು ಸಲ ಅದರ ಜೊತೆಗೆ ಸರ್ಕಾರದ ಅನುದಾನ, ಪಿಎಚ್.ಡಿ. ವಿದ್ಯಾರ್ಥಿ, ಪ್ರಯೋಗಾಲಯ, ಮೂರರಿಂದ ಐದು ವರ್ಷ. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಉದ್ದೇಶಗಳಲ್ಲಿ ಉದ್ಯಮವನ್ನೂ ವಿಶ್ವವಿದ್ಯಾಲಯವನ್ನೂ ಹತ್ತಿರ ತರುವುದು ಒಂದು. 2025ರಲ್ಲಿ ಕೇಂದ್ರ ಸಂಪುಟ ಒಪ್ಪಿದ ₹1 ಲಕ್ಷ ಕೋಟಿಯ ಸಂಶೋಧನೆ ಮತ್ತು ನಾವೀನ್ಯ ನಿಧಿ ಖಾಸಗಿ ಕಂಪನಿಗಳಿಗೆ ದೀರ್ಘಾವಧಿಯ, ಕಡಿಮೆ ಬಡ್ಡಿಯ ಹಣ ಒದಗಿಸಲು ಬಂದದ್ದು. ಇವು ದೊಡ್ಡವರ ಆಟ. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಂಥ ಕಂಪನಿಗಳಿಗೆ ತಮ್ಮದೇ ಎಂಜಿನಿಯರುಗಳ ಪಡೆ ಇದೆ. ‘ಪ್ಯಾಟ್’ ಯೋಜನೆಯಲ್ಲಿ ಸರ್ಕಾರ ಕೊಡುವ ದಕ್ಷತೆಯ ಗುರಿ ಮುಟ್ಟದಿದ್ದರೆ ಸರ್ಟಿಫಿಕೇಟು ಕೊಳ್ಳಬೇಕಾಗುವ ವ್ಯವಸ್ಥೆ 2012ರಿಂದ ಇದೆ, ಈಗ ಅದು ಇಂಗಾಲದ ಮಾರುಕಟ್ಟೆಯತ್ತ ಹೊರಳುತ್ತಿದೆ. ಅವರಿಗೆ ಐದು ವರ್ಷದ ಸಂಶೋಧನೆ ದಕ್ಕುತ್ತದೆ. 30 ಜನ ಕೆಲಸ ಮಾಡುವ ಘಟಕದ ಮಾಲೀಕರು ಒಬ್ಬಂಟಿಯಾಗಿ ಈ ಬಾಗಿಲು ತಟ್ಟಬಾರದು ಎಂದೇ ನಾನು ಹೇಳುತ್ತೇನೆ.

ಉಳಿತಾಯದಲ್ಲಿ ಪಾಲು ಕೇಳುವವರು

ಇಂಧನ ಸೇವಾ ಕಂಪನಿಗಳು, ಉದ್ಯಮದವರ ಬಾಯಲ್ಲಿ ‘ಎಸ್ಕೊ’ಗಳು. ಅವರೇ ಹಣ ಹಾಕಿ ಯಂತ್ರ ಕೂರಿಸುತ್ತಾರೆ, ಉಳಿದ ದುಡ್ಡಿನಲ್ಲಿ ಕೆಲವು ವರ್ಷ ಪಾಲು ತೆಗೆದುಕೊಳ್ಳುತ್ತಾರೆ. ಇನ್ನೊಂದು ಬಗೆಯಲ್ಲಿ ಹಣ ನಿಮ್ಮದು, ಇಷ್ಟು ಉಳಿಸಿಯೇ ತೀರುತ್ತೇವೆ ಎಂಬ ಖಾತರಿ ಅವರದು. ಕೇಂದ್ರ ವಿದ್ಯುತ್ ಸಚಿವಾಲಯದಡಿಯ ಸಾರ್ವಜನಿಕ ಕಂಪನಿಗಳು ಸೇರಿ 2009ರಲ್ಲಿ ಕಟ್ಟಿದ ಇಇಎಸ್‌ಎಲ್ ಕೂಡ ಇದೇ ಜಾತಿಯದು. ಕೈಯಲ್ಲಿ ಹಣವಿಲ್ಲದ, ಉತ್ತರ ಗೊತ್ತಿರುವ ಪ್ರಶ್ನೆ ಇರುವ ಘಟಕಕ್ಕೆ ಇದು ಚೆನ್ನ. ಆದರೆ ಹೊಸತನ್ನು ಪ್ರಯೋಗಿಸುವ ಹುಮ್ಮಸ್ಸನ್ನು ಇಲ್ಲಿ ನಿರೀಕ್ಷಿಸಬೇಡಿ. ತಮ್ಮ ಹಣ ಹಾಕಿದವರು ಗೊತ್ತಿರುವ ದಾರಿಯಲ್ಲೇ ನಡೆಯುತ್ತಾರೆ. ತೀರಾ ಸಣ್ಣ ಘಟಕದ ಕಡೆಗೆ ಅವರು ತಿರುಗಿ ನೋಡುವುದೂ ಕಡಿಮೆ.

ಇಲ್ಲಿ ಜಗಳ ಹುಟ್ಟುವುದು ‘ಮೊದಲು ಎಷ್ಟಿತ್ತು’ ಎಂಬ ಒಂದೇ ಅಂಕಿಯ ಮೇಲೆ. ಕರಾವಳಿಯಲ್ಲಿ ಅದು ಜಾರುವ ಅಂಕಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಐಸ್ ಪ್ಲಾಂಟ್ ಅರೆಬರೆ ಓಡುತ್ತದೆ. ತೊಟ್ಟಿಯನ್ನು ತಂಪಾಗಿಡುವ ಖರ್ಚು ಇದ್ದೇ ಇರುವುದರಿಂದ ಟನ್ನಿನ ಲೆಕ್ಕದ ಯೂನಿಟ್ ಏರುತ್ತದೆ. ಮೇ–ಜೂನ್–ಜುಲೈ ಸರಾಸರಿಯನ್ನು ಮೊದಲಿನ ಅಂಕಿ ಎಂದು ಬರೆದುಕೊಂಡು, ಅಕ್ಟೋಬರ್–ನವೆಂಬರ್‌ನಲ್ಲಿ ‘ಉಳಿತಾಯ’ ತೋರಿಸಿದರೆ ಮಾಲೀಕರು ಇಲ್ಲದ ಉಳಿತಾಯಕ್ಕೆ ಪಾಲು ಕೊಟ್ಟಂತೆ. ಒಪ್ಪಂದದಲ್ಲಿ ತಿಂಗಳಿನ ಬಿಲ್ಲಿನ ಮಾತೇ ಬೇಡ. ಟನ್ ಮಂಜುಗಡ್ಡೆಗೆ ಇಷ್ಟು ಯೂನಿಟ್, ಕ್ವಿಂಟಲ್ ಗೇರುಬೀಜಕ್ಕೆ ಇಷ್ಟು ಸೌದೆ ಎಂದು, ಕನಿಷ್ಠ ಒಂದು ಪೂರ್ತಿ ವರ್ಷದ ಅಳತೆಯ ಮೇಲೆ, ಉತ್ಪಾದನೆ ಕಡಿಮೆಯಾದಾಗ ಏನು ಲೆಕ್ಕ ಎಂಬುದರ ಸಮೇತ ಇರಬೇಕು.

ಸರ್ಕಾರದ ಯೋಜನೆ

ಜುಲೈ 2025ರಲ್ಲಿ ಬಿಇಇ ಮೂಲಕ ಶುರುವಾದ ‘ಅಡೀಟಿ’ ಎಂಬ ಯೋಜನೆ ಸದ್ಯಕ್ಕೆ ಸಣ್ಣ ಘಟಕಗಳು ಮೊದಲು ವಿಚಾರಿಸಬೇಕಾದದ್ದು. ಇಂಧನ ಉಳಿಸುವ ಯಂತ್ರಕ್ಕೆ ತೆಗೆದ ಸಾಲದ ಬಡ್ಡಿಯಲ್ಲಿ ಕಿರು ಮತ್ತು ಸಣ್ಣ ಉದ್ಯಮಕ್ಕೆ ಶೇ 5, ಮಧ್ಯಮ ಉದ್ಯಮಕ್ಕೆ ಶೇ 3ರಷ್ಟನ್ನು ಸರ್ಕಾರ ಭರಿಸುತ್ತದೆ; ಆಡಿಟಿಗೂ ನೆರವಿದೆ. ಯೋಜನೆಯ ಮೊತ್ತ ₹1,000 ಕೋಟಿ. ಮೀನು, ಆಹಾರ ಸಂಸ್ಕರಣೆ, ಎರಕ, ಇಟ್ಟಿಗೆ ಇದರ 14 ವಲಯಗಳಲ್ಲಿ ಸೇರಿರುವುದರಿಂದ ನಮ್ಮವರಿಗೆ ಹತ್ತಿರದ್ದು. ಆದರೆ ಇದು ಕ್ಲಸ್ಟರ್, ಅಂದರೆ ಒಂದೇ ಕಡೆ ಇರುವ ಒಂದೇ ಬಗೆಯ ಘಟಕಗಳ ಗುಂಪಿನ ಲೆಕ್ಕದಲ್ಲಿ ಹಂತಹಂತವಾಗಿ ನಡೆಯುತ್ತದೆ. ಅರ್ಜಿ ತುಂಬುವ ಮುಂಚೆ ನಿಮ್ಮ ಊರು, ನಿಮ್ಮ ವಲಯ ಪಟ್ಟಿಯಲ್ಲಿದೆಯೇ ಎಂದು ಬ್ಯಾಂಕಿನವರನ್ನೋ ರಾಜ್ಯದ ನಿಯೋಜಿತ ಸಂಸ್ಥೆಯಾದ ಕ್ರೆಡಲ್ ಅನ್ನೋ ಕೇಳಿ.

ಇದು ಸಂಶೋಧನೆಗೆ ಕೊಡುವ ಹಣವಲ್ಲ, ಸಿದ್ಧ ತಂತ್ರಜ್ಞಾನ ಹಾಕಿಸಿಕೊಳ್ಳಲು ಕೊಡುವ ಹಣ. ಹೊಸ ಒಲೆ ಕಟ್ಟಿ ನೋಡೋಣ ಎಂದು ಹೋದರೆ ಬರಿಗೈ. ಸಬ್ಸಿಡಿ ಇದೆ ಎಂಬ ಒಂದೇ ಕಾರಣಕ್ಕೆ ಬೇಡದ ಯಂತ್ರ ಕೊಳ್ಳುವುದೂ ನಮ್ಮಲ್ಲಿ ಹೊಸತಲ್ಲ.

ಸಂಘದ ಹೆಸರಿನಲ್ಲಿ

ನನ್ನ ಮತ ಇದಕ್ಕೆ. ಗೇರು ಸಿಪ್ಪೆಯ ಒಲೆ, ತೇವದ ಗಾಳಿಯ ಕಂಡೆನ್ಸರ್ ಇವು ಒಬ್ಬರ ಪ್ರಶ್ನೆಗಳಲ್ಲ. ಒಬ್ಬರು ಹಣ ಹಾಕಿ ಉತ್ತರ ಕಂಡುಹಿಡಿದರೆ ಆರು ತಿಂಗಳಲ್ಲಿ ಪಕ್ಕದವರು ಬಂದು ನೋಡಿ ಅದನ್ನೇ ಕಟ್ಟಿಸುತ್ತಾರೆ. ಹಾಗಾಗಿ ಯಾರೂ ಮೊದಲು ಹಣ ಹಾಕುವುದಿಲ್ಲ. ಸಾರ್ವಜನಿಕ ಹಣಕ್ಕೆ ನ್ಯಾಯವಾದ ಜಾಗ ಇದು.

ಫಿರೋಜಾಬಾದಿನ ಗಾಜಿನ ಕುಲುಮೆಗಳ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ತಾಜ್ ಮಹಲ್ ಸುತ್ತಲಿನ ಪ್ರದೇಶದಲ್ಲಿ ಕಲ್ಲಿದ್ದಲು ಉರಿಸಬಾರದೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಬಳೆ ಉದ್ಯಮಕ್ಕೆ ದಿಕ್ಕು ತೋಚದಾಯಿತು. ಸ್ವಿಸ್ ಸರ್ಕಾರದ ಅಭಿವೃದ್ಧಿ ಸಂಸ್ಥೆಯ ನೆರವಿನಿಂದ ದೆಹಲಿಯ ಇಂಧನ ಸಂಶೋಧನಾ ಸಂಸ್ಥೆ ‘ಟೆರಿ’, ಹೊರಹೋಗುವ ಶಾಖವನ್ನು ಮತ್ತೆ ಬಳಸುವ ಅನಿಲದ ಕುಲುಮೆಯನ್ನು ಸ್ಥಳೀಯ ಕಾರ್ಖಾನೆಯೊಂದರಲ್ಲೇ ಕಟ್ಟಿ ಓಡಿಸಿ ತೋರಿಸಿತು. ನೋಡಿದ ಮೇಲೆ ಉಳಿದವರು ಕಟ್ಟಿಸಿಕೊಂಡರು. ಅಲ್ಲಿ ಪ್ರಯೋಗಾಲಯ ಎಂದರೆ ಓಡುತ್ತಿರುವ ಕಾರ್ಖಾನೆಯೇ. ನಮ್ಮ ರಾಜ್ಯದಲ್ಲೇ ಬೆಳಗಾವಿಯ ಎರಕದ ಘಟಕಗಳು ಬಿಇಇ ಮತ್ತು ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆಯ ಕ್ಲಸ್ಟರ್ ಯೋಜನೆಯೊಳಗೆ ಬಂದವು. ಆಂಧ್ರದ ಭೀಮಾವರಂನ ಐಸ್ ಪ್ಲಾಂಟುಗಳಿಗೆ ಬಿಇಇ ಕೈಪಿಡಿಯನ್ನೇ ಮಾಡಿಕೊಟ್ಟಿದೆ. ಮಲ್ಪೆಯವರು ಅದನ್ನು ತರಿಸಿ ಓದಿದರೆ ಮೊದಲ ಸುತ್ತಿನ ಸಲಹೆ ಪುಕ್ಕಟೆ.

ಇಲ್ಲಿ ಕೆನರಾ ಸಣ್ಣ ಕೈಗಾರಿಕೆಗಳ ಸಂಘವಿದೆ, ಕೆನರಾ ವಾಣಿಜ್ಯೋದ್ಯಮ ಸಂಸ್ಥೆಯಿದೆ, ಗೇರು ಉದ್ಯಮದವರದೇ ಸಂಘವಿದೆ. ಹತ್ತು ಘಟಕಗಳು ಸೇರಿ ಒಂದು ಪ್ರಶ್ನೆ, ಒಂದು ಪ್ರಯೋಗದ ಘಟಕ, ಒಬ್ಬ ಸಂಶೋಧಕ ಎಂದು ಹೊರಟರೆ ಒಬ್ಬೊಬ್ಬರ ಪಾಲು ಒಂದು ಸಣ್ಣ ಮೋಟರಿನ ಬೆಲೆಗೆ ಇಳಿಯುತ್ತದೆ. 2019ರ ತಿದ್ದುಪಡಿಯ ನಂತರ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಂಶೋಧನೆಗೂ ಹೋಗಬಹುದು. ಪಕ್ಕದ ದೊಡ್ಡ ಕಂಪನಿಗಳನ್ನು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ತೊಡಕು ಒಂದೇ, ಅದೂ ಸಣ್ಣದಲ್ಲ: ತನ್ನ ಬಾಯ್ಲರಿಗೆ ಎಷ್ಟು ಇಂಧನ ಬೇಕು ಎಂಬ ಗುಟ್ಟನ್ನು ಪಕ್ಕದ ಕಾರ್ಖಾನೆಯವರಿಗೆ ಹೇಳಲು ಯಾರಿಗೂ ಮನಸ್ಸಿಲ್ಲ. ಅಂಕಿಗಳು ಕಾಲೇಜಿನ ಬಳಿ ಹೆಸರಿಲ್ಲದೆ ಇರಲಿ, ಸಂಘಕ್ಕೆ ಸರಾಸರಿ ಮಾತ್ರ ಬರಲಿ ಎಂದು ಮೊದಲೇ ಬರೆದುಕೊಂಡರೆ ಅರ್ಧ ತೊಡಕು ಬಿಡುತ್ತದೆ.

ಕಾಗದದ ಮೇಲೆ

ಯಾವ ದಾರಿ ಹಿಡಿದರೂ ಪತ್ರದಲ್ಲಿ ಎರಡು ವಿಷಯ ಅಡ್ಡಗೋಡೆಯ ಮೇಲಿನ ದೀಪವಾಗಬಾರದು. ಅಳತೆಯ ಅಂಕಿಗಳು ಯಾರವು, ಕೆಲಸ ಮುಗಿದ ಮೇಲೆ ಮೀಟರುಗಳು ಎಲ್ಲಿರುತ್ತವೆ ಎಂಬುದು ಒಂದು. ಇನ್ನೊಂದು ಪೇಟೆಂಟು. ವಿದ್ಯಾರ್ಥಿ ಪ್ರಬಂಧ ಪ್ರಕಟಿಸಲೇಬೇಕು, ಅದು ಅವನ ಬದುಕು. ಆದರೆ ಪ್ರಕಟವಾದ ಮೇಲೆ ಅರ್ಜಿ ಹಾಕಿದರೆ ‘ಹೊಸತು’ ಎಂಬ ಅರ್ಹತೆಯೇ ಸಾಮಾನ್ಯವಾಗಿ ಹೋಗುತ್ತದೆ. ಪ್ರಬಂಧ ಸಲ್ಲಿಸುವ ಮುಂಚೆ ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಹೆಚ್ಚಿನ ಸಣ್ಣ ಘಟಕಗಳಿಗೆ ಪೇಟೆಂಟಿನ ಗೊಡವೆಯೇ ಬೇಡ. ಬಳಸುವ ಹಕ್ಕು ಶುಲ್ಕವಿಲ್ಲದೆ ಸಿಕ್ಕಿದರೆ ಸಾಕು, ಅದನ್ನೇ ಬರೆಸಿಕೊಳ್ಳಿ.

ಇನ್ನು ಸಮಯ. ಐಸ್ ಪ್ಲಾಂಟಿನವರಿಗೆ ಮೀಟರ್ ಕೂರಿಸಲು ಮೀನುಗಾರಿಕೆ ನಿಷೇಧದ ಎರಡು ತಿಂಗಳು ಹೇಳಿ ಮಾಡಿಸಿದ್ದು: ಕಂಪ್ರೆಸರಿಗೆ ಒಂದು, ಪಂಪುಗಳಿಗೆ ಒಂದು, ಅಜಿಟೇಟರಿಗೆ ಒಂದು, ತೊಟ್ಟಿಗೆ ಒಂದು ನಂಬಬಹುದಾದ ಥರ್ಮಾಮೀಟರು. ಎಂ.ಟೆಕ್. ಪ್ರಾಜೆಕ್ಟುಗಳು ಸಾಮಾನ್ಯವಾಗಿ ಜುಲೈ–ಆಗಸ್ಟ್‌ನಲ್ಲಿ ಶುರುವಾಗುವುದರಿಂದ ವಿಭಾಗದ ಮುಖ್ಯಸ್ಥರನ್ನು ಮೇ ತಿಂಗಳಲ್ಲೇ ಕಂಡು ಬನ್ನಿ. ಆಗಸ್ಟ್ 1ಕ್ಕೆ ದೋಣಿಗಳು ಇಳಿಯುವಾಗ ಮೊದಲ ಟನ್ ಮಂಜುಗಡ್ಡೆಯಿಂದಲೇ ಲೆಕ್ಕ ಬರೆಯಲು ಶುರು ಮಾಡಬಹುದು.